ವಾಯುದೋಷಶೋಧನವೂ ಪಾಠಶೋಧನವೂ

ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನ ನರೋಣಾ ಗ್ರಾಮದ ಸುತ್ತಣ ಎರೆಬಯಲಿನಲ್ಲಿ ವೈಶಾಖದ ನಡುಹಗಲು ನಿಂತು ನೋಡಿದವನಿಗೆ ದೂರದ ಮರಗಳೂ ಮನೆಗಳೂ ನಿಶ್ಚಲವಾಗಿ ಕಾಣವು. ಅವು ನಡುಗುತ್ತಿರುವಂತೆಯೂ, ಅವುಗಳ ಬುಡದಲ್ಲಿ ನೀರು ಹರಿಯುತ್ತಿರುವಂತೆಯೂ ತೋರುವುದು. ಇದನ್ನು ಕನ್ನಡಿಗರು ಬಿಸಿಲ್ಗುದುರೆಯೆಂದೂ ಸಂಸ್ಕೃತಜ್ಞರು ಮರೀಚಿಕೆಯೆಂದೂ ಕರೆದಿರುವರು. ನ್ಯಾಯಸೂತ್ರಗಳ ಭಾಷ್ಯಕಾರನಾದ ವಾತ್ಸ್ಯಾಯನನು ಪ್ರತ್ಯಕ್ಷಲಕ್ಷಣವನ್ನು ವಿವರಿಸುವ ಸ್ಥಳದಲ್ಲಿ, ಪ್ರತ್ಯಕ್ಷಜ್ಞಾನವು ಅವ್ಯಭಿಚಾರಿಯಾಗಿರಬೇಕೆಂಬ ವಿಶೇಷಣಕ್ಕೆ ಈ ಬಿಸಿಲ್ಗುದುರೆಯನ್ನೇ ಪ್ರತ್ಯುದಾಹರಣೆಯಾಗಿ ತೆಗೆದುಕೊಂಡಿದ್ದಾನೆ. ಗ್ರೀಷ್ಮದಲ್ಲಿ ಸೂರ್ಯಕಿರಣಗಳು ನೆಲದ ಕಾವಿನೊಡನೆ ಬೆರೆತು ಚಲಿಸುತ್ತ ದೂರದಲ್ಲಿರುವವನ ಕಣ್ಣನ್ನು ಮುಟ್ಟಿದಾಗ ನೀರೆಂಬ ಜ್ಞಾನವು ಹುಟ್ಟುವುದೆಂದು ಅವನ ವಿವರಣೆ. ಭ್ರಾಂತಿಗೆ ಕಾರಣವು ನೋಡುವವನ ಮನಸ್ಸಿನಲ್ಲಷ್ಟೇ ಅಲ್ಲದೆ ನಡುವಣ ಕಾವಿನಲ್ಲಿಯೂ ಬೆಳಕಿನ ಚಲನೆಯಲ್ಲಿಯೂ ಇದೆಯೆಂದು ಅಷ್ಟು ಹಿಂದೆಯೇ ಗುರುತಿಸಿದುದು ಸಾಮಾನ್ಯವಾದ ಮಾತಲ್ಲ.

ಆದರೆ ನೈಯಾಯಿಕನು ಅಂಥ ಜ್ಞಾನವು ಪ್ರಮಾಣವಲ್ಲವೆಂದು ಹೇಳಿ ಅಲ್ಲಿಗೇ ನಿಲ್ಲುತ್ತಾನೆ. ಕದಡಿದ ಬೆಳಕಿನಿಂದಲೇ ಕದಡದ ಬಿಂಬವನ್ನು ಮರಳಿ ಪಡೆಯಬಹುದೇ ಎಂಬ ಪ್ರಶ್ನೆಯನ್ನು ಅವನು ಎತ್ತಲಿಲ್ಲ. ಈ ಪ್ರಶ್ನೆಗೆ ಆಧುನಿಕ ಭೌತವಿಜ್ಞಾನಿಗಳು ಕೊಟ್ಟಿರುವ ಉತ್ತರಗಳಲ್ಲಿ ಒಂದು ಗಣಕೀಯ ಹಾಲೋಗ್ರಫಿ ಎಂಬುದು. ಅದರ ಪ್ರಾಮಾಣ್ಯವೆಷ್ಟು, ಅವಧಿಯೆಲ್ಲಿ ಎಂಬುದನ್ನು ವಿಮರ್ಶಿಸುವುದೇ ಪ್ರಕೃತ ಲೇಖನದ ಉದ್ದೇಶ.

ಈ ವಿಚಾರವು ಸಾಹಿತ್ಯವಿದ್ವಾಂಸರಿಗೆ ಹೊರಗಿನದೆಂದು ಭಾವಿಸತಕ್ಕುದಲ್ಲ. ಶಾಸನಗಳನ್ನೂ ಓಲೆಯ ಪ್ರತಿಗಳನ್ನೂ ಯಂತ್ರಬಿಂಬಗಳ ಮೂಲಕ ಓದುವ ಕಾಲವು ಬಂದಿದೆ. ೧೯೦೯ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಮಿಥಿಕ್ ಸೊಸೈಟಿಯು ೨೦೨೧ರಿಂದ ಆ ನಗರದ ಸುತ್ತಣ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿಸುವ ಕಾರ್ಯವನ್ನು ಕೈಗೊಂಡುದು ವಿದಿತವೇ ಆಗಿದೆ. ಅಲ್ಲಿ ಯಂತ್ರವು ಕಲ್ಲಿನ ಸಮೀಪದಲ್ಲಿಯೇ ಇರುವುದರಿಂದ ವಾಯುವಿನ ಬಾಧೆಯಿಲ್ಲ. ಆದರೆ ಯಂತ್ರವು ಕೊಟ್ಟ ಬಿಂಬವನ್ನು ಎಷ್ಟರ ಮಟ್ಟಿಗೆ ಮೂಲವೆಂದು ನಂಬಬೇಕು ಎಂಬ ಪ್ರಶ್ನೆಯು ಎರಡು ಕಡೆಗೂ ಒಂದೇ. ಈ ವಿಷಯದಲ್ಲಿ ಎರಡು ಪಕ್ಷಗಳು ಕೇಳಿಬರುತ್ತವೆ. ಯಂತ್ರವು ಶೋಧಿಸಿದ ಬಿಂಬವು ಕಣ್ಣಿಗಿಂತ ಸತ್ಯವಾದುದು, ಅಲ್ಲಿ ಸಂಶಯಕ್ಕೆ ಎಡೆಯಿಲ್ಲವೆಂಬುದು ಒಂದು. ಅದು ಕವಿಯ ಹೆಸರಿನಲ್ಲಿ ಸಂಪಾದಕನು ತಾನೇ ಬರೆದಿಟ್ಟ ಪದ್ಯದಂತೆ ಕೃತಕವೆಂಬುದು ಇನ್ನೊಂದು. ಎರಡೂ ವಿಚಾರವಿಲ್ಲದೆ ಹುಟ್ಟಿದ ಮಾತುಗಳೆಂಬುದು ಮುಂದೆ ಸ್ಪಷ್ಟವಾಗುವುದು.

ಮೊದಲು ದೋಷದ ಸ್ವರೂಪವನ್ನು ತಿಳಿಯಬೇಕು. ವಾಯುವಿನ ವಕ್ರೀಭವನಾಂಕವು ಒಂದಕ್ಕಿಂತ ಹತ್ತು ಸಾವಿರದಲ್ಲಿ ಸುಮಾರು ಮೂರು ಪಾಲಿನಷ್ಟು ಮಾತ್ರ ಹೆಚ್ಚು. ಉಷ್ಣತೆಯು ೧ ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಹತ್ತು ಲಕ್ಷದಲ್ಲಿ ಸುಮಾರು ಒಂದು ಪಾಲಿನಷ್ಟು ಕುಗ್ಗುವುದು. ಇದು ಲೆಕ್ಕಕ್ಕೆ ಬಾರದ ಅಲ್ಪವೆಂದು ತೋರಬಹುದು. ಆದರೆ ಬೆಳಕು ೧ ಕಿಲೋಮೀಟರು ದೂರ ಹಾಯ್ದು ಬರುವಾಗ ದಾರಿಯುದ್ದಕ್ಕೂ ಒಂದು ಡಿಗ್ರಿಯ ವ್ಯತ್ಯಾಸವಿದ್ದರೆ ಅದರ ಪಥದಲ್ಲಿ ೧ ಮಿಲಿಮೀಟರಿನಷ್ಟು ಅಂತರ ಬೀಳುತ್ತದೆ. ಕಣ್ಣಿಗೆ ಕಾಣುವ ಬೆಳಕಿನ ತರಂಗದೂರವು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನ ಅರ್ಧದಷ್ಟು. ಆದುದರಿಂದ ಆ ಅಂತರವು ಸುಮಾರು ೨೦೦೦ ತರಂಗಗಳಿಗೆ ಸಮ. ನಿಜವಾದ ಬಯಲಿನಲ್ಲಿ ಬಿಸಿಗಾಳಿಯ ಸುಳಿಗಳು ಒಂದರೊಡನೊಂದು ಹೆಣೆದುಕೊಂಡು ಏರಿಳಿಯುವುದರಿಂದ ಅಂತರವು ಇಷ್ಟಾಗದು. ಆದರೆ ನೆರೆಯ ಎರಡು ಕಿರಣಗಳ ನಡುವೆ ಅರ್ಧ ತರಂಗದೂರದ ವ್ಯತ್ಯಾಸವಾದರೂ ಸಾಕು, ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಎದುರಾಗಿ ಬಿಂಬವು ಕೆಡುವುದು. ೧೯೪೧ರಲ್ಲಿ ರಷ್ಯಾದ ಕೊಲ್ಮೊಗೊರೊವ್ ಎಂಬ ಗಣಿತಜ್ಞನು ದೊಡ್ಡ ಸುಳಿಗಳು ಒಡೆದು ಚಿಕ್ಕ ಸುಳಿಗಳಾಗುವ ಕ್ರಮಕ್ಕೆ ಸೂತ್ರವನ್ನು ಕಟ್ಟಿದನು. ೧೯೬೬ರಲ್ಲಿ ಫ್ರೀಡ್ ಎಂಬುವನು, ಇಂಥ ವಾಯುವಿನ ಮೂಲಕ ನೋಡುವ ದೂರದರ್ಶಕದ ಬಾಯಿಯನ್ನು ಒಂದು ಮಿತಿಯಿಂದಾಚೆಗೆ ಅಗಲಿಸಿದರೂ ಸೂಕ್ಷ್ಮದರ್ಶನವು ಹೆಚ್ಚದೆಂದು ತೋರಿಸಿದನು. ರಾತ್ರಿಯ ಒಳ್ಳೆಯ ನೆಲೆಗಳಲ್ಲಿ ಆ ಮಿತಿಯು ಸುಮಾರು ೧೦ ಸೆಂಟಿಮೀಟರು. ಕಾದ ನೆಲದ ಮೇಲೆ ಅಡ್ಡವಾಗಿ ನೋಡುವಾಗ ಅದಕ್ಕಿಂತಲೂ ಬಹಳ ಕಡಮೆಯಾಗಬಹುದು. ದೊಡ್ಡ ಮಸೂರವು ಹೆಚ್ಚು ಬೆಳಕನ್ನು ತರುವುದೇ ಹೊರತು ಹೆಚ್ಚು ವಿವರವನ್ನು ತಾರದು.

ದೋಷವನ್ನು ಪರಿಹರಿಸುವುದಕ್ಕಿಂತ ವರ್ಜಿಸುವುದು ಮೇಲೆಂಬ ನ್ಯಾಯವೊಂದುಂಟು. ನ್ಯೂಟನ್ನನು ೧೭೦೪ರ ತನ್ನ ಬೆಳಕಿನ ಗ್ರಂಥದಲ್ಲಿ ವಾಯುವಿನ ನಡುಕಕ್ಕೆ ಎತ್ತರವಾದ ಬೆಟ್ಟಗಳ ಮೇಲಣ ಪ್ರಶಾಂತವಾದ ಗಾಳಿಯೊಂದೇ ಮದ್ದೆಂದು ಹೇಳಿದ್ದನು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಲದ್ದಾಖಿನ ಹಾನ್ಲೆಯಲ್ಲಿ ಸುಮಾರು ೪೫೦೦ ಮೀಟರು ಎತ್ತರದಲ್ಲಿ ದೂರದರ್ಶಕವನ್ನಿಟ್ಟು ಅದನ್ನು ಹೊಸಕೋಟೆಯಿಂದ ನಡೆಸುವಂತೆ ಏರ್ಪಡಿಸಿದುದು ಈ ನ್ಯಾಯವನ್ನನುಸರಿಸಿಯೇ. ಆದರೆ ನಕ್ಷತ್ರವನ್ನು ನೋಡುವವನು ಬೆಟ್ಟವನ್ನೇರಬಹುದು. ಬಯಲಿನಲ್ಲಿರುವ ವಸ್ತುವನ್ನು ಬಯಲಿನಿಂದಲೇ ನೋಡಬೇಕಾದವನಿಗೆ ಆ ದಾರಿಯಿಲ್ಲ. ಅವನಿಗೆ ಶೋಧನವೇ ಗತಿ.

ಶೋಧನಕ್ಕೆ ಇರುವ ಮೊದಲ ತೊಡಕು, ಕಣ್ಣಾಗಲಿ ಛಾಯಾಗ್ರಾಹಕ ಫಲಕವಾಗಲಿ ಬೆಳಕಿನ ತೀವ್ರತೆಯನ್ನು ಮಾತ್ರ ಗ್ರಹಿಸುವುದೆಂಬುದು. ತರಂಗವು ಯಾವ ಘಟ್ಟದಲ್ಲಿ ಬಂದು ಮುಟ್ಟಿತು, ಉಬ್ಬಿನಲ್ಲೋ ತಗ್ಗಿನಲ್ಲೋ ಎಂಬುದು, ಎಂದರೆ ಪ್ರಾವಸ್ಥೆ ಎಂಬುದು, ಅಲ್ಲಿ ಅಳಿದುಹೋಗುತ್ತದೆ. ವಾಯುವು ಮುಖ್ಯವಾಗಿ ಕೆಡಿಸುವುದು ಆ ಪ್ರಾವಸ್ಥೆಯನ್ನೇ. ಕೆಟ್ಟುದು ಯಾವುದೋ ಅದೇ ದಾಖಲೆಯಲ್ಲಿಲ್ಲವಾದ ಮೇಲೆ ತಿದ್ದುವುದು ಹೇಗೆ? ೧೯೪೮ರಲ್ಲಿ ಡೆನಿಸ್ ಗೇಬರ್ ಪ್ರಕಟಿಸಿದ ಉಪಾಯವು ಈ ಗಂಟನ್ನು ಬಿಡಿಸಿತು. ವಸ್ತುವಿನಿಂದ ಬಂದ ತರಂಗದೊಡನೆ ಸ್ವರೂಪವು ಗೊತ್ತಿರುವ ಇನ್ನೊಂದು ತರಂಗವನ್ನು ಕೂಡಿಸಿದರೆ, ಎರಡರ ವ್ಯತಿಕರಣದಿಂದ ಫಲಕದ ಮೇಲೆ ಗೆರೆಗಳು ಮೂಡುವುವು. ಪ್ರಾವಸ್ಥೆಯು ಆ ಗೆರೆಗಳ ಬಾಗುಬಳುಕುಗಳಲ್ಲಿ ಉಳಿಯುವುದು. ಗ್ರೀಕಿನಲ್ಲಿ 'ಸಮಗ್ರ' ಎಂಬರ್ಥದ ಶಬ್ದದಿಂದ ಅವನು ಅದಕ್ಕೆ ಹಾಲೊಗ್ರಾಮ್ ಎಂದು ಹೆಸರಿಟ್ಟನು. ಅವನ ಮೂಲೋದ್ದೇಶವು ಮೂರು ಆಯಾಮಗಳ ಚಿತ್ರವಿನೋದವಾಗಿರಲಿಲ್ಲ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮಸೂರದೋಷವನ್ನು ಆಮೇಲೆ ತಿದ್ದುವುದಾಗಿತ್ತು. ಆದುದರಿಂದ ಹಾಲೋಗ್ರಫಿಯಿಂದ ದೋಷಶೋಧನವೆಂಬುದು ಇತ್ತೀಚಿನವರು ಹಚ್ಚಿದ ಕೊಂಬೆಯಲ್ಲ, ಬೇರಿನಲ್ಲಿಯೇ ಇದ್ದ ಗುಣವೆಂದು ತಿಳಿಯತಕ್ಕದ್ದು. ಗೇಬರನಿಗೆ ೧೯೭೧ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

೧೯೬೦ರಲ್ಲಿ ಲೇಸರ್ ಹುಟ್ಟಿದ ಮೇಲೆ ಈ ವಿದ್ಯೆಯು ಬೆಳೆಯಿತು. ಲೀತ್ ಮತ್ತು ಉಪಟ್ನೀಕ್ಸ್ ಎಂಬುವರು ಆಧಾರತರಂಗವನ್ನು ಓರೆಯಾಗಿ ಬೀಳಿಸಿ, ಗೇಬರನ ವಿಧಾನದಲ್ಲಿ ಒಂದರ ಮೇಲೊಂದು ಕವಿಯುತ್ತಿದ್ದ ಅವಳಿಬಿಂಬಗಳನ್ನು ಬೇರ್ಪಡಿಸಿದರು. ೧೯೬೭ರಲ್ಲಿ ಗುಡ್‌ಮನ್ ಮತ್ತು ಲಾರೆನ್ಸ್ ಎಂಬುವರು ಹಾಲೊಗ್ರಾಮನ್ನು ವಿದ್ಯುದ್ಯಂತ್ರದಿಂದ ಗ್ರಹಿಸಿ ಗಣಕದಿಂದ ಬಿಂಬವನ್ನು ರಚಿಸಿದರು. ೧೯೯೪ರಲ್ಲಿ ಜರ್ಮನಿಯ ಶ್ನಾರ್ಸ್ ಮತ್ತು ಯುಪ್ಟ್‌ನರ್ ಫಲಕವನ್ನು ಕೈಬಿಟ್ಟು ಕ್ಯಾಮೆರಾದಿಂದಲೇ ನೇರವಾಗಿ ಗ್ರಹಿಸುವ ಕ್ರಮವನ್ನು ಸ್ಥಾಪಿಸಿದರು. ಅಲ್ಲಿಂದ ಮುಂದೆ ಬಂದ ತರಂಗವು ಸಂಖ್ಯೆಗಳ ರೂಪದಲ್ಲಿ ಕೈಗೆ ಸಿಕ್ಕಿತು. ಅದರ ಪ್ರಾವಸ್ಥೆಯನ್ನು ಬೇಕಾದಂತೆ ತಿದ್ದಿ, ಪ್ರತಿಯೊಂದು ತಿದ್ದುಪಡಿಯಿಂದ ಬರುವ ಬಿಂಬವನ್ನು ಪರೀಕ್ಷಿಸುವುದು ಸಾಧ್ಯವಾಯಿತು. ಮೂಲಪ್ರತಿಯು ಕೆಡದೆ ಇರುವುದು, ಎಷ್ಟು ಬಾರಿಯಾದರೂ ತಿದ್ದಿ ನೋಡಬಹುದಾಗಿರುವುದು, ಇವೆರಡೂ ಈ ವಿಧಾನದ ದೊಡ್ಡ ಗುಣಗಳು. ಓಲೆಯ ಮೇಲೆಯೇ ಕೆರೆದು ತಿದ್ದಿದ ಹಿಂದಿನ ಲಿಪಿಕಾರರಿಗೂ, ಮೂಲಪಾಠವನ್ನು ಕೆಳಗೆ ಉಳಿಸಿ ಮೇಲೆ ತನ್ನ ಪಾಠವನ್ನು ಸೂಚಿಸುವ ಸಂಪಾದಕನಿಗೂ ಇರುವ ಭೇದವೇ ಇಲ್ಲಿಯೂ ಇದೆ.

ಇನ್ನು ತಿದ್ದುವ ಬಗೆಗಳು. ೧೯೬೬ರಲ್ಲಿ ಗುಡ್‌ಮನ್ ಮತ್ತು ಅವನ ಸಹಕಾರಿಗಳು ತೋರಿಸಿದ ಬಗೆಯಲ್ಲಿ ಆಧಾರತರಂಗದ ಮೂಲವನ್ನು ವಸ್ತುವಿನ ಪಕ್ಕದಲ್ಲಿಯೇ ಇಡಲಾಗುವುದು. ಎರಡು ತರಂಗಗಳೂ ಒಂದೇ ಗಾಳಿಯನ್ನು ಹಾಯ್ದು ಬರುವುದರಿಂದ ಎರಡಕ್ಕೂ ಒಂದೇ ದೋಷ ತಗಲುವುದು. ಗೆರೆಗಳು ಎರಡರ ಅಂತರವನ್ನು ಮಾತ್ರ ಬರೆಯುವುದರಿಂದ ಸಮಾನವಾದ ದೋಷವು ತಾನಾಗಿಯೇ ಕಳೆದುಹೋಗುವುದು. ಇಲ್ಲಿ ಪಾಠಶೋಧನದೊಡನೆ ಹೋಲಿಕೆಯು ಮುರಿಯುತ್ತದೆಂಬುದನ್ನು ಒಪ್ಪಬೇಕು. ಒಂದೇ ಮಾತೃಕೆಯಿಂದ ಇಳಿದ ಎರಡು ಪ್ರತಿಗಳಲ್ಲಿ ಒಂದೇ ತಪ್ಪಿದ್ದರೆ ಅವುಗಳ ನಂಟು ತಿಳಿಯುವುದೇ ಹೊರತು ತಪ್ಪು ಹೋಗದು. ಎರಡು ಸಾಕ್ಷಿಗಳು ಒಂದೇ ಮಾತನ್ನು ಹೇಳಿದವೆಂದು ಅದು ಮತ್ತಷ್ಟು ಗಟ್ಟಿಯಾಗಲೂಬಹುದು. ತರಂಗಗಳಲ್ಲಿ ಸಮಾನದೋಷವು ಪರಿಹಾರಕ್ಕೆ ಕಾರಣ, ಪ್ರತಿಗಳಲ್ಲಿ ಅದು ಮೋಸಕ್ಕೆ ಕಾರಣ. ಸಾದೃಶ್ಯವನ್ನು ಎಲ್ಲೆಡೆಗೂ ಎಳೆಯತಕ್ಕುದಲ್ಲವೆಂಬುದಕ್ಕೆ ಇದೇ ನಿದರ್ಶನ.

ಆದರೆ ದೂರದ ವಸ್ತುವಿನ ಪಕ್ಕದಲ್ಲಿ ದೀಪವನ್ನಿಡುವುದು ಎಲ್ಲ ಕಡೆಯೂ ಸಾಧ್ಯವಲ್ಲ. ಆಗ ಅನುಸರಿಸುವ ಬಗೆಯೇ ವಿಮರ್ಶೆಗೆ ಮುಖ್ಯವಾದುದು. ೧೯೭೪ರಲ್ಲಿ ಮುಲ್ಲರ್ ಮತ್ತು ಬಫಿಂಗ್ಟನ್ ಎಂಬುವರು ನಕ್ಷತ್ರಬಿಂಬಗಳ ಸಂಬಂಧವಾಗಿ, ಬಿಂಬದ ತೀಕ್ಷ್ಣತೆಯನ್ನು ಒಂದು ಸಂಖ್ಯೆಯಿಂದ ಅಳೆಯಬಹುದೆಂದೂ, ಉದಾಹರಣೆಗೆ ಪ್ರತಿಯೊಂದು ಬಿಂದುವಿನ ತೀವ್ರತೆಯ ವರ್ಗಗಳನ್ನು ಕೂಡಿದರೆ ಆ ಮೊತ್ತವು ದೋಷವಿಲ್ಲದಾಗ ಪರಮಾವಧಿಯನ್ನು ಮುಟ್ಟುವುದೆಂದೂ ತೋರಿಸಿದರು. ೧೯೮೮ರಲ್ಲಿ ಪ್ಯಾಕ್ಸ್‌ಮನ್ ಮತ್ತು ಮ್ಯಾರನ್ ಈ ಅಳತೆಯನ್ನು ಲೇಸರ್ ಬಿಂಬಗಳಿಗೆ ಅನ್ವಯಿಸಿದರು. ೨೦೦೮ರಲ್ಲಿ ಥರ್ಮನ್ ಮತ್ತು ಫೀನಪ್ ಗಣಕೀಯ ಹಾಲೋಗ್ರಫಿಯಲ್ಲಿ ಇದನ್ನು ವಿಸ್ತರಿಸಿ ಬರೆದರು. ೨೦೦೯ರಲ್ಲಿ ಮ್ಯಾರನ್ ಮತ್ತು ಅವನ ಸಂಗಡಿಗರು ವಾಯುಕ್ಷೋಭೆಯ ಶೋಧನಕ್ಕೆ ಸಂಬಂಧಿಸಿದ ಪ್ರಯೋಗಫಲಗಳನ್ನು ಪ್ರಕಟಿಸಿದರು. ಪ್ರಾವಸ್ಥೆಯ ಮೇಲೆ ಒಂದು ತಿದ್ದುಪಡಿಯನ್ನು ಊಹಿಸುವುದು, ಬಿಂಬವನ್ನು ಕಟ್ಟುವುದು, ತೀಕ್ಷ್ಣತೆಯನ್ನು ಅಳೆಯುವುದು, ಅದು ಹೆಚ್ಚುವ ಕಡೆಗೆ ತಿದ್ದುಪಡಿಯನ್ನು ಸರಿಸುವುದು, ಇನ್ನು ಹೆಚ್ಚದೆಂದಾಗ ನಿಲ್ಲುವುದು: ಇದೇ ಅವರ ಕ್ರಮ.

ಕನ್ನಡ ಗ್ರಂಥಸಂಪಾದಕರಿಗೆ ಈ ಕ್ರಮವು ಅಪರಿಚಿತವಲ್ಲ. ಹಳಗನ್ನಡ ಪದ್ಯದಲ್ಲಿ ದ್ವಿತೀಯಾಕ್ಷರಪ್ರಾಸವು ನಿಯತವಾಗಿರುವುದರಿಂದ, ಕವಿಯ ಸ್ವಹಸ್ತಪ್ರತಿಯನ್ನು ಕಾಣದಿದ್ದರೂ, ಒಂದು ಪಾದದಲ್ಲಿ ಪ್ರಾಸವು ತಪ್ಪಿದರೆ ಅಲ್ಲಿ ಲಿಪಿಕಾರನ ಕೈತಪ್ಪಿದೆಯೆಂದು ತಿಳಿಯಬಹುದು. ಪ್ರಾಸಕ್ಕೂ ಗಣಕ್ಕೂ ಹೊಂದುವ ಪಾಠವನ್ನು ಹುಡುಕುವುದು ತೀಕ್ಷ್ಣತೆಯನ್ನು ಹೆಚ್ಚಿಸುವ ಕೆಲಸವೇ. ವಸ್ತುವನ್ನು ಕಾಣದೆಯೇ ವಸ್ತುವಿನ ಒಂದು ಸಾಮಾನ್ಯಧರ್ಮವನ್ನು ಹಿಡಿದು ದೋಷವನ್ನು ಅಳೆಯುವುದು ಎರಡಕ್ಕೂ ಸಮಾನವಾದ ಯುಕ್ತಿ. ಆದುದರಿಂದ ಶೋಧಿತಬಿಂಬವು ಕೇವಲ ಕಲ್ಪಿತವೆಂಬ ಎರಡನೆಯ ಪಕ್ಷವು ನಿಲ್ಲದು. ತಿದ್ದುವವನು ಬಿಂಬದ ಮೇಲೆ ಗೆರೆಗಳನ್ನೆಳೆಯುವುದಿಲ್ಲ. ಗಾಳಿಯು ಸೇರಿಸಿದ ಪ್ರಾವಸ್ಥೆಯನ್ನು ಕಳೆಯುತ್ತಾನೆ ಅಷ್ಟೆ. ಹಾಗೆ ಕಳೆದಾಗ ಮೂಡಿದ ಬಿಂಬವು ಬಂದ ಬೆಳಕಿನಲ್ಲಿಯೇ ಅಡಗಿದ್ದುದು.

ಹಾಗಾದರೆ ಮೊದಲನೆಯ ಪಕ್ಷವೇ ಸಿದ್ಧಾಂತವಾಯಿತೆಂದು ಹೇಳಬಹುದೋ ಎಂದರೆ, ಅಲ್ಲ. ಅದಕ್ಕೆ ನಾಲ್ಕು ಬಾಧಕಗಳುಂಟು.

ಒಂದನೆಯದು: ಬಿಂಬವು ಇಡಿಯಾಗಿ ಎಡಕ್ಕೋ ಬಲಕ್ಕೋ ಸರಿದರೆ ತೀಕ್ಷ್ಣತೆಯ ಮೊತ್ತವು ಬದಲಾಗದು. ಆದುದರಿಂದ ಈ ಅಳತೆಯು ವಸ್ತುವಿನ ಆಕಾರಕ್ಕೆ ಸಾಕ್ಷಿಯಾಗಬಹುದು, ಅದರ ಸ್ಥಾನಕ್ಕೆ ಆಗದು. ಬಿಸಿಲ್ಗುದುರೆಯಲ್ಲಿ ಕಿರಣಗಳು ಬಾಗಿ ವಸ್ತುವು ಇಲ್ಲದ ಕಡೆ ತೋರುವ ದೋಷವನ್ನು ಇದು ಮುಟ್ಟಲಾರದು.

ಎರಡನೆಯದು: ತೀಕ್ಷ್ಣತೆಯನ್ನು ಅಳೆಯುವ ಸೂತ್ರವು ಒಂದೇ ಅಲ್ಲ. ೨೦೦೩ರಲ್ಲಿ ಫೀನಪ್ ಮತ್ತು ಮಿಲ್ಲರ್ ವಿಚಾರಿಸಿರುವಂತೆ ಕೆಲವು ಸೂತ್ರಗಳು ಬೆಳಗುವ ಬಿಂದುಗಳಿಗೆ ಬೆಲೆ ಕೊಡುವುವು, ಕೆಲವು ನೆರಳುಗಳಿಗೆ. ಯಾವುದು ತಕ್ಕುದೆಂಬುದು ನೋಟದ ಸ್ವಭಾವವನ್ನು ಅವಲಂಬಿಸಿದೆ. ಅಂದಮೇಲೆ ನೋಟದ ಸ್ವಭಾವದ ಬಗ್ಗೆ ಒಂದು ಪೂರ್ವಕಲ್ಪನೆಯು ಒಳಗೆ ಬಂದೇ ಬಂದಿತು. ಮೇಲಾಗಿ ಲೇಸರ್ ಬೆಳಕು ಒರಟಾದ ಮೈಯ ಮೇಲೆ ಬಿದ್ದಾಗ ಬಿಂಬದ ತುಂಬ ಚುಕ್ಕೆಗಳು ಹರಡುವುವು. ಅವು ವಸ್ತುವಿನಲ್ಲಿಲ್ಲದ, ಆದರೆ ತೀಕ್ಷ್ಣವಾಗಿಯೇ ಕಾಣುವ ಗುರುತುಗಳು. ಇಂಥ ಏರಿಳಿತಗಳನ್ನು ಲೇಸರ್ ಹುಟ್ಟುವುದಕ್ಕೆ ಬಹಳ ಮುಂಚೆಯೇ, ೧೯೪೩ರಲ್ಲಿ, ಬೆಂಗಳೂರಿನಲ್ಲಿ ಜಿ. ಎನ್. ರಾಮಚಂದ್ರನ್ ಸೂಕ್ಷ್ಮಕಣಗಳಿಂದಾದ ಬೆಳಕಿನ ಪರಿವೇಷಗಳಲ್ಲಿ ಪರಿಶೀಲಿಸಿದ್ದರು. ಬೇರೆಬೇರೆ ಚುಕ್ಕೆಗಳುಳ್ಳ ಹಲವು ಹಾಲೊಗ್ರಾಮುಗಳನ್ನು ತೆಗೆದು ಸರಾಸರಿ ನೋಡಿದಲ್ಲದೆ ಒಂದೇ ಬಿಂಬದ ತೀಕ್ಷ್ಣತೆಯನ್ನು ನಂಬತಕ್ಕುದಲ್ಲ.

ಇದೇ ತೊಡಕಿಗೆ ಕನ್ನಡದಲ್ಲಿಯೂ ಉದಾಹರಣೆಯುಂಟು. ಹಳಗನ್ನಡದಲ್ಲಿ ಕೆಲವು ಒತ್ತಕ್ಷರಗಳು ಶಿಥಿಲದ್ವಿತ್ವವಾಗಿ ಹಿಂದಣ ಅಕ್ಷರವನ್ನು ಗುರುವಾಗಿಸುವುದಿಲ್ಲವೆಂಬುದು ಶಬ್ದಮಣಿದರ್ಪಣಾದಿಗಳಿಂದ ಪ್ರಸಿದ್ಧವಾಗಿದೆ. ಇದನ್ನರಿಯದ ಸಂಪಾದಕನು ಸಂಸ್ಕೃತಛಂದಸ್ಸಿನ ನಿಯಮದಿಂದಲೇ ಮಾತ್ರೆಗಳನ್ನೆಣಿಸಿ, ಛಂದಸ್ಸು ಕೆಟ್ಟಿತೆಂದು ಭ್ರಮಿಸಿ, ಕವಿಯ ಸಾಧುಪಾಠವನ್ನೇ ತೆಗೆದುಹಾಕಿ ತನ್ನ ಮಾತನ್ನು ಸೇರಿಸುವ ಸಂಭವವುಂಟು. ಆಗ ಪದ್ಯವು ಅವನ ಅಳತೆಗೆ ಸರಿಯಾಗುವುದು; ಕವಿಯು ಮಾತ್ರ ಕಳೆದುಹೋಗುವನು. ಅಳತೆಯು ವಸ್ತುವಿನ ಧರ್ಮಕ್ಕೆ ಹೊಂದದಿದ್ದರೆ ಶೋಧನವೇ ದೋಷಕ್ಕೆ ಕಾರಣವಾಗುವುದೆಂಬುದು ಇದರಿಂದ ಸಿದ್ಧ.

ಈ ವಿಷಯದಲ್ಲಿ ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯೊಡನೆ ಸಂಬಂಧವಿದ್ದ ರಮೇಶ ನಾರಾಯಣ ಮತ್ತು ರಾಜಾರಾಮ ನಿತ್ಯಾನಂದ ಇವರು ೧೯೮೬ರಲ್ಲಿ ಬರೆದ ವಿಮರ್ಶೆಯು ಬಹಳ ಮನನೀಯವಾಗಿದೆ. ಅದು ಹಾಲೋಗ್ರಫಿಯನ್ನು ಕುರಿತುದಲ್ಲ, ಖಗೋಲಬಿಂಬಗಳ ಪುನಾರಚನೆಯನ್ನು ಕುರಿತುದು. ಅಪೂರ್ಣವಾದ ಅಳತೆಗಳಿಗೆ ಹೊಂದುವ ಬಿಂಬಗಳು ಅನೇಕವಿರುವಾಗ 'ಎಂಟ್ರೊಪಿ' ಎಂಬ ಪರಿಮಾಣವು ಅತ್ಯಧಿಕವಾಗಿರುವುದನ್ನು ಆರಿಸಬೇಕೆಂಬ ಮತವನ್ನು ಹಲವರು ಒಂದು ಪರಮತತ್ತ್ವವೆಂಬಂತೆ ಹೇಳುತ್ತಿದ್ದರು. ಇವರಿಬ್ಬರು ಆ ವಿಧಾನದ ಉಪಯೋಗವನ್ನು ಅಲ್ಲಗಳೆಯದೆ, ಅದರ ಫಲವು ಆ ಸೂತ್ರದ ಗಣಿತಸ್ವಭಾವದಿಂದ ಬಂದುದೆಂದೂ, ಅಂಥದೇ ಸ್ವಭಾವದ ಬೇರೆ ಸೂತ್ರಗಳೂ ಹೆಚ್ಚುಕಡಮೆ ಅದೇ ಫಲವನ್ನು ಕೊಡುವುವೆಂದೂ ನಿರೂಪಿಸಿದರು. ಸಾಧನವನ್ನು ಸಾಧನವೆಂದೇ ಕರೆದ ಈ ವಿವೇಕವು ತೀಕ್ಷ್ಣತಾವಾದಿಗಳಿಗೂ ಅನುಕರಣೀಯ.

ಮೂರನೆಯದು: ಕ್ಷೋಭೆಯು ಯಂತ್ರದ ಬಾಯಿಯ ಬಳಿಯಲ್ಲಿಯೇ ಇದ್ದರೆ ಒಂದೇ ತಿದ್ದುಪಡಿಯು ಬಿಂಬಕ್ಕೆಲ್ಲ ಸಲ್ಲುವುದು. ಎರೆಬಯಲಿನ ಮೇಲೆ ಅಡ್ಡವಾಗಿ ನೋಡುವಾಗ ಕ್ಷೋಭೆಯು ದಾರಿಯುದ್ದಕ್ಕೂ ಹರಡಿರುವುದರಿಂದ ಬಿಂಬದ ಒಂದೊಂದು ಭಾಗಕ್ಕೂ ಬೇರೆಬೇರೆ ತಿದ್ದುಪಡಿ ಬೇಕಾಗುವುದು. ಥರ್ಮನ್ ಮತ್ತು ಫೀನಪ್ ೨೦೦೮ರ ತಮ್ಮ ಎರಡನೆಯ ಲೇಖನದಲ್ಲಿ ಈ ತೊಡಕನ್ನೇ ಎತ್ತಿಕೊಂಡು, ದೋಷವನ್ನು ದಾರಿಯ ಬೇರೆಬೇರೆ ತಲಗಳಲ್ಲಿ ಹಂಚಿ ತಿದ್ದುವ ಮಾರ್ಗವನ್ನು ವಿಚಾರಿಸಿರುವುದು ಪ್ರಶಂಸನೀಯ. ಆದರೆ ತಿದ್ದುಪಡಿಯ ಅಂಶಗಳು ಹೆಚ್ಚಿದಷ್ಟೂ ತಪ್ಪಾದ ಬಿಂಬವನ್ನೂ ತೀಕ್ಷ್ಣಗೊಳಿಸುವ ಸ್ವಾತಂತ್ರ್ಯವು ಹೆಚ್ಚುವುದು. ಸಂಪಾದಕನು ಪದ್ಯಕ್ಕೊಂದು ಅಕ್ಷರವನ್ನು ತಿದ್ದಿದರೆ ಒಪ್ಪಬಹುದು. ಪಾದಕ್ಕೊಂದು ಪದವನ್ನು ತಿದ್ದಿದರೆ ಅವನೇ ಕವಿಯಾಗುವನು.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದುದು: ಕದಡಿದುದು ಬೇರೆ, ಕಳೆದುದು ಬೇರೆ. ಪ್ರಾವಸ್ಥೆಯ ದೋಷದಲ್ಲಿ ವಸ್ತುವಿನ ವಾರ್ತೆಯು ಕದಡಿರುವುದೇ ಹೊರತು ನಾಶವಾಗಿಲ್ಲ. ಕ್ಷೋಭೆಯು ಬಲವಾಗಿ ಬೆಳಕೇ ಅಲ್ಲಲ್ಲಿ ಮಿನುಗಿ ಅಲ್ಲಲ್ಲಿ ಆರಿದರೆ, ಅಥವಾ ಧೂಳು ಅದನ್ನು ನುಂಗಿದರೆ, ಬಾರದ ಬೆಳಕನ್ನು ಯಾವ ಗಣಿತವೂ ತಾರದು. ಕಲಬುರಗಿ ಜಿಲ್ಲೆಯಲ್ಲಿಯೇ ಭೀಮಾತೀರದ ಸನ್ನತಿಯಲ್ಲಿ ದೊರೆತ ಅಶೋಕನ ಶಾಸನದ ಕಲ್ಲು ಇದಕ್ಕೆ ತಕ್ಕ ದೃಷ್ಟಾಂತವಾಗಿದೆ. ಕಾಳೀಗುಡಿಯಲ್ಲಿ ಪೀಠವಾಗಿ ಬಳಕೆಯಾಗಿದ್ದ ಆ ಕಲ್ಲಿನಲ್ಲಿ ವಿಗ್ರಹವನ್ನು ನಿಲ್ಲಿಸಲು ಕುಳಿಯನ್ನು ಕೊರೆದುದರಿಂದ ಅಲ್ಲಿಯ ಅಕ್ಷರಗಳು ಇಲ್ಲವಾಗಿವೆ. ಸವೆದ ಅಕ್ಷರವನ್ನು ಓರೆಬೆಳಕಿನಿಂದಲೂ ಮೂರು ಆಯಾಮಗಳ ಬಿಂಬದಿಂದಲೂ ಓದಬಹುದು. ಕೊರೆದು ತೆಗೆದ ಅಕ್ಷರವನ್ನು ಬಿಂಬವು ಕೊಡಲಾರದು. ಆದರೂ ಅಲ್ಲಿಯ ಪ್ರತ್ಯೇಕ ಶಾಸನಗಳ ಪಾಠವನ್ನು ಊಹಿಸಲು ಸಾಧ್ಯವಾದುದು ಒಡಿಶಾದ ಧೌಲಿ ಮತ್ತು ಜೌಗಡಗಳಲ್ಲಿ ಅವೇ ಶಾಸನಗಳು ಇರುವುದರಿಂದ. ಅದು ಈ ಕಲ್ಲಿನ ಸಾಕ್ಷ್ಯವಲ್ಲ, ಬೇರೆ ಕಲ್ಲುಗಳ ಸಾಕ್ಷ್ಯ. ಹಾಗೆ ತುಂಬಿದ ಅಕ್ಷರಗಳನ್ನು ಆವರಣಚಿಹ್ನೆಯಲ್ಲಿಡುವ ಶಾಸನಜ್ಞರ ಸಂಪ್ರದಾಯವು ಪ್ರಾಮಾಣಿಕವಾದುದು. ಬಿಂಬಶೋಧಕರ ಕೃತಿಗಳಲ್ಲಿ ಇದಕ್ಕೆ ಸಮಾನವಾದ ಚಿಹ್ನೆಯು ಎದ್ದು ಕಾಣುವುದಿಲ್ಲ. ಶೋಧಿಸಿದ ಬಿಂಬದ ಎಲ್ಲ ಭಾಗಗಳೂ ಒಂದೇ ಧೈರ್ಯದಿಂದ ನೋಡುವವನನ್ನು ಎದುರಿಸುತ್ತವೆ. ಇದು ಆ ವಿದ್ಯೆಯ ಕೊರತೆಯೆಂದೇ ಹೇಳಬೇಕು.

ಇಷ್ಟರಿಂದ ನಿರ್ಣಯವು ಹೀಗಾಗುವುದು. ಗಣಕೀಯ ಹಾಲೋಗ್ರಫಿಯ ಶೋಧನವು ಅನುಮಾನಪ್ರಮಾಣವೇ ಹೊರತು ಪ್ರತ್ಯಕ್ಷವಲ್ಲ. ಅನುಮಾನವಾದುದರಿಂದ ಅದು ಅಪ್ರಮಾಣವಾಗದು. ಆದರೆ ಹೇತುವು ಸದ್ಧೇತುವೆಂಬುದನ್ನು ಪ್ರತಿಸಲವೂ ತೋರಿಸುವ ಭಾರವು ಶೋಧಕನ ಮೇಲಿರುವುದು. ಅವನು ಮೂಲ ಹಾಲೊಗ್ರಾಮನ್ನು ಶೋಧಿತಬಿಂಬದೊಡನೆ ಉಳಿಸಬೇಕು. ಯಾವ ಅಳತೆಯಿಂದ ತಿದ್ದಿದನೆಂಬುದನ್ನು ಹೇಳಬೇಕು. ಬೇರೊಂದು ಅಳತೆಯಿಂದ ತಿದ್ದಿದಾಗಲೂ ನಿಲ್ಲುವ ವಿವರಗಳನ್ನು ಸಿದ್ಧವೆಂದೂ, ನಿಲ್ಲದವನ್ನು ಸಂದಿಗ್ಧವೆಂದೂ ಬೇರ್ಪಡಿಸಬೇಕು. ಬೆಳಕು ಬಾರದ ಎಡೆಯನ್ನು ಎಡೆಯಾಗಿಯೇ ಬಿಡಬೇಕು. ಮೂಲವಿಲ್ಲದುದನ್ನು ಬರೆಯುವುದಿಲ್ಲವೆಂದು ವ್ಯಾಖ್ಯಾನಕಾರನಾದ ಮಲ್ಲಿನಾಥನು ಮಾಡಿದ ಪ್ರತಿಜ್ಞೆಯು ಇಲ್ಲಿಗೂ ಸಲ್ಲತಕ್ಕದ್ದೇ.

ಗ್ರಂಥಸಂಪಾದಕರಿಗೂ ಇದರಿಂದ ಒಂದು ಪಾಠವುಂಟು. ಸ್ಪಷ್ಟತೆಯು ಸತ್ಯಕ್ಕೆ ಲಿಂಗವಾಗಬಹುದು, ಸತ್ಯವೇ ಆಗದು. ನರೋಣಾದ ಬಯಲಿನಲ್ಲಿ ನೀರೆಂದು ತೋರುವುದು ಕೂಡ ದೂರಕ್ಕೆ ಬಹಳ ಸ್ಪಷ್ಟವಾಗಿಯೇ ತೋರುತ್ತದೆ. ಅದು ನೀರಲ್ಲವೆಂದು ತಿಳಿಯುವುದು ನಡೆದು ಹೋಗಿ ನೆಲವನ್ನು ಮುಟ್ಟಿದವನಿಗೆ. ಅಲ್ಲಿಗೆ ನಡೆದು ಹೋಗಲಾಗದವನು ತನ್ನ ಅಳತೆಯನ್ನೂ ಅದರ ಅವಧಿಯನ್ನೂ ಓದುಗರ ಮುಂದಿಟ್ಟು ಮಾತಾಡುವುದು ಯುಕ್ತವಾಗಿದೆ.